ನೀರಿನ ಕಡೆಯ ತಲಬಾಗಿಲು

ಬೋಲ್ಗಾಟ್ಟಿ ಅರಮನೆಯನ್ನು ನಾನು ಮೊದಲ ಸಲ ನೋಡಿದ್ದು ಆಟೋದಲ್ಲಿ ಹೋಗಿ. ಎರ್ನಾಕುಲಂನ ಹೈಕೋರ್ಟ್ ಬಳಿ ಹತ್ತಿದ ಆಟೋ ಗೋಶ್ರೀ ಸೇತುವೆಯನ್ನು ದಾಟಿ, ದ್ವೀಪದ ರಸ್ತೆಗಿಳಿದು, ಒಂದೆರಡು ತಿರುವು ತಿರುಗಿ ನಮ್ಮನ್ನು ಗೇಟಿನ ಮುಂದೆ ಬಿಟ್ಟಾಗ ಇನ್ನೂ ಹೊರಟೇ ಇಲ್ಲವೇನೋ ಅನ್ನುವಷ್ಟು ಬೇಗ ಮುಟ್ಟಿದ್ದೆವು. ಜೊತೆಗೆ ನಮ್ಮ ಕಾಕಾ ಇದ್ದರು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಮೀಟರ್ ಗೇಜ್ ಕಾಲದಿಂದ ಬೋಗಿಗಳ ಮರಗೆಲಸ ಮಾಡಿ ನಿವೃತ್ತರಾದವರು. ಎಪ್ಪತ್ತು ದಾಟಿದ್ದರೂ ಯಾವ ಹಳೆಯ ಕಟ್ಟಡ ಕಂಡರೂ ಒಮ್ಮೆ ಸುತ್ತು ಹಾಕಿ, ಬಾಗಿಲ ಚೌಕಟ್ಟು ಮುಟ್ಟಿ ನೋಡದೆ ಒಳಗೆ ಕಾಲಿಡುವವರಲ್ಲ. ಅಂದೂ ಹಾಗೆಯೇ ಮಾಡಿದರು. ಕಟ್ಟಡದ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ನಡೆದು, ನಿಂತು, ಕೈಯನ್ನು ಹುಬ್ಬಿನ ಮೇಲಿಟ್ಟುಕೊಂಡು ನೋಡಿ, ನನ್ನ ಕಡೆ ತಿರುಗಿ ಕೇಳಿದರು: "ಅಲ್ಲೋ ತಮ್ಮಾ, ಈ ಮನಿಗೆ ತಲಬಾಗಲಾ ಯಾ ಕಡೆ ಐತಿ?"

ನಾನು ಆಟೋ ಬಂದ ದಾರಿಯನ್ನು ತೋರಿಸಿದೆ. ಅವರು ತಲೆಯಾಡಿಸಿದರು. "ನಾವು ಹಿತ್ತಲ ಕಡೆಯಿಂದ ಬಂದೇವಿ ಅಂತ ಅನಸಾಕತ್ತೈತಿ," ಎಂದರು.

ಧಾರವಾಡ ಸೀಮೆಯಲ್ಲಿ ಬೆಳೆದವರಿಗೆ ಈ ಪ್ರಶ್ನೆ ಸಹಜವಾಗಿ ಬರುತ್ತದೆ. ನಮ್ಮಲ್ಲಿ ಒಂದು ದೇಸಾಯರ ವಾಡೆಯನ್ನು ನೋಡಲು ಹೋದರೆ ಮೊದಲು ಕಣ್ಣಿಗೆ ಬೀಳುವುದು ಬಾಗಿಲು. ಆ ಬಾಗಿಲು ಊರಿನ ಯಾವ ಓಣಿಯ ಕಡೆಗೆ ಮುಖ ಮಾಡಿದೆ, ಅದರ ಎದುರಿಗೆ ಗುಡಿ ಇದೆಯೋ ಬಯಲಿದೆಯೋ ಎಂಬುದರಿಂದಲೇ ಆ ಮನೆತನದವರು ಊರಿನೊಂದಿಗೆ ಹೇಗಿದ್ದರು ಎನ್ನುವುದು ಅರ್ಧ ತಿಳಿಯುತ್ತದೆ. ಹಿತ್ತಲಿನಿಂದ ಹೊಕ್ಕು ವಾಡೆಯನ್ನು ನೋಡಿದವನು ದನದ ಕೊಟ್ಟಿಗೆ, ಹಗೇವು, ನೀರೊಲೆಗಳನ್ನೇ ನೋಡಿ ಬರುತ್ತಾನೆ. ಪಡಸಾಲಿಯಲ್ಲಿ ಕುಳಿತು ಮಾತಾಡಿದ ಯಜಮಾನ ಅವನಿಗೆ ಸಿಗುವುದಿಲ್ಲ. ಬೋಲ್ಗಾಟ್ಟಿಯಲ್ಲಿ ನಮಗೂ ಹಾಗೆಯೇ ಆಯಿತು. ಬಿಳಿಯ ಗೋಡೆ, ಇಳಿಜಾರಿನ ಹಂಚಿನ ಮಾಡು, ಎರಡು ಅಂತಸ್ತು, ಈಗ ಕೇರಳ ಸರ್ಕಾರದ ಪ್ರವಾಸೋದ್ಯಮ ನಿಗಮ ನಡೆಸುತ್ತಿರುವ ಹೋಟೆಲು. ಇಷ್ಟನ್ನು ನೋಡಿ, ಹುಲ್ಲುಹಾಸಿನ ಮೇಲೆ ಅಡ್ಡಾಡಿ, ಚಹಾ ಕುಡಿದು ಹಿಂದಿರುಗಿದೆವು. 1744ರಲ್ಲಿ ಡಚ್ಚರು ಕಟ್ಟಿಸಿದ ಮನೆಯನ್ನು ನೋಡಿ ಬಂದವರಿಗೆ ಆಗಬೇಕಾದದ್ದು ಯಾವುದೂ ಆಗಿರಲಿಲ್ಲ. ರಾತ್ರಿ ವಸತಿಗೃಹದಲ್ಲಿ ಮಲಗಿದಾಗ ಕಾಕಾ ಕತ್ತಲಲ್ಲೇ ಹೇಳಿದರು: "ನಾಳೆ ನೀರಾಗಿಂದ ಹೋಗೂಣ. ಆ ಮನಿ ನೀರಿನ ಕಡೆ ಮಾರಿ ಮಾಡೇತಿ."

ಬೋಲ್ಗಾಟ್ಟಿ ಇರುವ ಮುಳವುಕಾಡ್ ದ್ವೀಪಕ್ಕೆ 2004ರವರೆಗೆ ಎರ್ನಾಕುಲಂನಿಂದ ಸೇತುವೆ ಇರಲಿಲ್ಲ. ಬೋಲ್ಗಾಟ್ಟಿ, ವಲ್ಲಾರ್ಪಾಡಂ, ವೈಪಿನ್‌ಗಳನ್ನು ಒಂದಕ್ಕೊಂದು ಪೋಣಿಸಿ ನಗರಕ್ಕೆ ಕಟ್ಟಿದ ಗೋಶ್ರೀ ಸೇತುವೆಗಳು ಬಂದದ್ದು ಆ ವರ್ಷ. ಹಿನ್ನೀರಿನ ಅಂಚನ್ನು ತುಂಬಿಸಿ ಪಡೆದ ಜಾಗವನ್ನು ಮಾರಿ, ಆ ಹಣದಲ್ಲಿ ಸೇತುವೆ ಕಟ್ಟಿದರು. ದ್ವೀಪದವರು ಅದಕ್ಕಾಗಿ ಬಹಳ ವರ್ಷ ಕಾದಿದ್ದರು, ಹೋರಾಡಿದ್ದರು. ಹೆರಿಗೆ ನೋವು ಬಂದ ಹೆಂಗಸನ್ನು ಮಳೆಗಾಲದ ರಾತ್ರಿ ದೋಣಿಯಲ್ಲಿ ದಾಟಿಸಬೇಕಾದವರ ಮುಂದೆ ನಿಂತು ಸೇತುವೆ ಬರಬಾರದಿತ್ತು ಎಂದು ಹೇಳುವ ಹಕ್ಕು ನನಗಿಲ್ಲ, ಹಾಗೆ ನನಗೆ ಅನ್ನಿಸಿಯೂ ಇಲ್ಲ. ಆದರೆ ಸೇತುವೆ ಬಂದ ಮೇಲೆ ಆ ಹಳೆಯ ಮನೆಯ ಮಟ್ಟಿಗೆ ಮುಂದು ಹಿಂದಾಯಿತು, ಹಿಂದು ಮುಂದಾಯಿತು. ಇನ್ನೂರ ಅರವತ್ತು ವರ್ಷ ದೋಣಿಯವರಿಗೆ ಮುಖ ತೋರಿಸಿ ನಿಂತಿದ್ದ ಮನೆಗೆ ಈಗ ಎಲ್ಲರೂ ಬೆನ್ನ ಕಡೆಯಿಂದ ಬರುತ್ತಾರೆ.

ಮರುದಿನ ಬೆಳಿಗ್ಗೆ ಹೈಕೋರ್ಟ್ ಜೆಟ್ಟಿಯಿಂದ ವೈಪಿನ್‌ಗೆ ಹೋಗುವ ವಾಟರ್ ಮೆಟ್ರೋ ಹತ್ತಿದೆವು. 2023ರ ಏಪ್ರಿಲ್‌ನಲ್ಲಿ ಆರಂಭವಾದ ಈ ಬೋಟುಗಳು ಬ್ಯಾಟರಿಯಿಂದ ಓಡುತ್ತವೆ. ಕಟ್ಟಿದ್ದು ಅಲ್ಲಿಯ ಕೊಚ್ಚಿನ್ ಶಿಪ್‌ಯಾರ್ಡಿನಲ್ಲಿಯೇ. ಒಂದರಲ್ಲಿ ನೂರು ಜನ ಹಿಡಿಸುತ್ತಾರೆ. ಡೀಸೆಲ್ ಬೋಟಿನ ಗಡಗಡ ಇಲ್ಲ, ಹೊಗೆಯ ವಾಸನೆ ಇಲ್ಲ. ಟಿಕೀಟು ತೋರಿಸಿ ಗೇಟು ದಾಟಿ, ಜೆಟ್ಟಿಯ ಮಟ್ಟಕ್ಕೇ ನಿಲ್ಲುವ ಬೋಟಿನೊಳಕ್ಕೆ ಕಾಲಿಟ್ಟರೆ, ಮೊಣಕಾಲು ನೋವಿನ ಕಾಕಾ ಕೂಡ ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ದೊಡ್ಡ ಗಾಜಿನ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಆಫೀಸಿಗೆ ಹೋಗುವವರು ಮೊಬೈಲಿನಲ್ಲಿ ಮುಳುಗಿದ್ದರು. ಅವರಿಗೆ ಈ ನೀರು ನಮ್ಮ ಹುಬ್ಬಳ್ಳಿ–ಧಾರವಾಡದ ರಸ್ತೆಯಂತೆ, ದಿನವೂ ದಾಟುವ ಜಾಗ.

ಬೋಟು ಜೆಟ್ಟಿ ಬಿಟ್ಟು ನಡುನೀರಿಗೆ ಬಂದ ಮೇಲೆ ಎಡಗಡೆಗೆ ಎರ್ನಾಕುಲಂನ ಎತ್ತರದ ಕಟ್ಟಡಗಳು ಹಿಂದೆ ಸರಿದವು, ಬಲಗಡೆಗೆ ಬೋಲ್ಗಾಟ್ಟಿಯ ತುದಿ ಬಂತು. ಮೊದಲು ಕಂಡದ್ದು ಮರಗಳು, ಬರೀ ಮರಗಳು. ಆಮೇಲೆ ಎರಡು ಮರಗಳ ನಡುವಿನ ಸಂದಿಯಲ್ಲಿ ಮಾಡಿನ ಒಂದು ಕೆಂಪು ತುಂಡು, ಅದರ ಕೆಳಗೆ ಬಿಳಿ. ಬೋಟು ಮುಂದೆ ಹೋದಂತೆ ಆ ಬಿಳಿ ಅಗಲವಾಯಿತು, ಹುಲ್ಲುಹಾಸು ನೀರಿನ ಕಟ್ಟೆಯವರೆಗೆ ಇಳಿದು ಬಂದದ್ದು ಕಂಡಿತು. ನಿನ್ನೆ ಸುಮ್ಮನೆ ಅಡ್ಡಾಡಿದ್ದ ಅಂಗಳವೇ ಅದು, ಆದರೆ ಇಂದು ಅದು ಮನೆಯಿಂದ ನೀರಿಗೆ ಹಾಸಿದ ಜಮಖಾನೆಯಂತೆ ಇತ್ತು. ಕಾಕಾ ಕಿಟಕಿಯ ಗಾಜಿಗೆ ಹಣೆ ತಾಗಿಸಿ ನೋಡುತ್ತಿದ್ದರು. ಮನೆ ಪೂರ್ತಿ ಕಂಡದ್ದು ಒಂದು ನಿಮಿಷವೂ ಇರಲಿಕ್ಕಿಲ್ಲ. ಬೋಟು ತನ್ನ ಪಾಡಿಗೆ ಮುಂದೆ ಹೋಯಿತು, ಮರಗಳು ಮತ್ತೆ ಅಡ್ಡ ಬಂದವು.

ಆ ಒಂದು ನಿಮಿಷದಲ್ಲಿ ನನಗೆ ತಿಳಿದದ್ದು ಮನೆಗಿಂತ ಹೆಚ್ಚಾಗಿ ಆ ಮನೆಯ ಜಾಗ. ಅಲ್ಲಿಯ ಜಗಲಿಯಲ್ಲಿ ಕುಳಿತವನಿಗೆ ಎದುರಿಗೆ ಕೊಚ್ಚಿಯ ಹಿನ್ನೀರು ಪೂರ್ತಿ ಕಾಣುತ್ತದೆ: ಆಚೆ ದಡದಲ್ಲಿ ಮಟ್ಟಾಂಚೇರಿಯ ಮೆಣಸಿನ ಉಗ್ರಾಣಗಳು, ಪಶ್ಚಿಮಕ್ಕೆ ಫೋರ್ಟ್ ಕೊಚ್ಚಿ ಮತ್ತು ವೈಪಿನ್ ನಡುವೆ ಕಡಲು ಒಳಗೆ ಬರುವ ಅಳಿವೆ. ಒಳಗೆ ಬಂದ ಹಡಗೂ ಹೊರಗೆ ಹೋದ ಹಡಗೂ ಆ ಕಣ್ಣು ತಪ್ಪಿಸುವುದು ಸಾಧ್ಯವಿರಲಿಲ್ಲ. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಹುಡೇವು ಕಟ್ಟಿ, ಅದರ ಮೇಲೆ ನಿಂತು ದಂಡು ಬರುವ ಧೂಳನ್ನು ನೋಡುತ್ತಿದ್ದ ಹಾಗೆ, ಇಲ್ಲಿ ಮನೆಯ ಜಗಲಿಯಿಂದಲೇ ಹಾಯಿ ನೋಡಬಹುದಿತ್ತು.

ಆದರೆ ಅಂದಿನವರು ನೋಡಿದ ನೀರು ಇಂದಿನದಲ್ಲ. ನಮ್ಮ ಬೋಟಿನ ಎಡಕ್ಕೆ ಉದ್ದಕ್ಕೂ ಹಬ್ಬಿದ್ದ ವಿಲಿಂಗ್ಡನ್ ದ್ವೀಪ, ಅದರ ಕ್ರೇನುಗಳು, ಗೋದಾಮುಗಳು, ಇವು ಯಾವುವೂ ಡಚ್ಚರ ಕಾಲದಲ್ಲಿ ಇರಲಿಲ್ಲ. ಅಳಿವೆಯ ಬಾಯಿಗೆ ಅಡ್ಡವಾಗಿ ಮರಳಿನ ದಿಬ್ಬವಿದ್ದು, ದೊಡ್ಡ ಹಡಗುಗಳು ಹೊರಗೆ ಕಡಲಿನಲ್ಲೇ ಲಂಗರು ಹಾಕಿ, ಸರಕನ್ನು ದೋಣಿಗಳಿಗೆ ಇಳಿಸಬೇಕಾಗುತ್ತಿತ್ತು. ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ 1920ರಲ್ಲಿ ಬಂದು ಆ ದಿಬ್ಬವನ್ನು ಕಡಿಸಿದರು. 1928ರ ಮೇ 26ರಂದು ಪದ್ಮಾ ಎಂಬ ಉಗಿಹಡಗು ಒಳಬಂದರಿಗೆ ಬಂತು. ತಳದಿಂದ ಎತ್ತಿದ ಹೂಳನ್ನು ಒಂದೆಡೆ ಒಟ್ಟಿ ಒಟ್ಟಿ ಇಡೀ ದ್ವೀಪವನ್ನೇ ಮಾಡಿದರು. ಬೋಲ್ಗಾಟ್ಟಿಯ ಮನೆ ಎರಡು ಶತಮಾನ ನೋಡಿಕೊಂಡಿದ್ದ ಬಯಲು ನೀರಿನ ನಡುವೆ, ಅದರ ಕಣ್ಣೆದುರಿಗೇ, ಹೊಸ ನೆಲ ಎದ್ದಿತು.

ಇನ್ನು ಆ 1744ರ ಮಾತು. ಈ ವರ್ಷವನ್ನು ಎಲ್ಲ ಪ್ರವಾಸಿ ಫಲಕಗಳೂ ಬರೆಯುತ್ತವೆ, ಅದರ ಹಿಂದಿನ ಮೂರು ವರ್ಷವನ್ನು ಹೇಳುವುದಿಲ್ಲ. ಡಚ್ಚರು ಪೋರ್ಚುಗೀಸರಿಂದ ಕೊಚ್ಚಿಯನ್ನು ಗೆದ್ದದ್ದು 1663ರಲ್ಲಿ. ಮೆಣಸಿನ ವ್ಯಾಪಾರ ತಮ್ಮ ಮುಷ್ಟಿಯಲ್ಲೇ ಇರಬೇಕು, ಬೇರೆ ಯಾರಿಗೂ ಮಾರಬಾರದು ಎಂಬುದು ಅವರ ಕಂಪನಿಯ ಹಟ. ಆ ಹಟಕ್ಕೆ ಪೆಟ್ಟು ಕೊಟ್ಟವನು ತಿರುವಾಂಕೂರಿನ ಮಾರ್ತಾಂಡವರ್ಮ. 1741ರಲ್ಲಿ ಕೊಳಚೆಲ್‌ನ ಕಡಲತೀರದಲ್ಲಿ ಅವನ ಸೈನ್ಯ ಡಚ್ಚರನ್ನು ಸೋಲಿಸಿತು. ಅದಾದ ಮೂರೇ ವರ್ಷಕ್ಕೆ ಬೋಲ್ಗಾಟ್ಟಿಯ ಮನೆ ಎದ್ದಿತು. 1753ರಲ್ಲಿ ಮಾವೇಲಿಕರದ ಒಪ್ಪಂದಕ್ಕೆ ಸಹಿ ಹಾಕಿ ಡಚ್ಚರು ಮಲಬಾರಿನ ರಾಜಕೀಯದಿಂದ ಕೈ ತೆಗೆದರು. ಅಂದರೆ ಈ ಮನೆ ಕಟ್ಟಿದವರು ಏರುಗಾಲದಲ್ಲಿ ಇದ್ದವರಲ್ಲ. ಬಲ ಇಳಿಯುತ್ತಿದ್ದಾಗ ಕಟ್ಟಿದ ಮನೆ ಇದು. ದೋಣಿಯಲ್ಲಿ ಬರುವ ವ್ಯಾಪಾರಿಯ ಕಣ್ಣಿಗೆ, ರಾಜನ ಕಾರ್ಯಕರ್ತನ ಕಣ್ಣಿಗೆ, ಎಲ್ಲವೂ ಮೊದಲಿನಂತೆಯೇ ಇದೆ ಎಂದು ತೋರಿಸಬೇಕಾಗಿತ್ತು ಎಂದು ನನ್ನ ಊಹೆ. ನಮ್ಮ ಕಡೆಯೂ ಜಹಗೀರು ಕರಗಿದ ಮೇಲೆ ಬಾಗಿಲಿಗೆ ಹೊಸ ಹಿತ್ತಾಳೆಯ ಹೂವು ಹೊಡೆಸಿದ ಮನೆತನಗಳ ಕಥೆ ಕೇಳಿದ್ದೇನೆ; ಹಾಗಾಗಿ ಈ ಊಹೆಯನ್ನು ಬಿಟ್ಟುಕೊಡಲು ಮನಸ್ಸಾಗುವುದಿಲ್ಲ.

ಕೊಳಚೆಲ್‌ನಲ್ಲಿ ಸೆರೆಸಿಕ್ಕ ಡಚ್ ಅಧಿಕಾರಿಗಳಲ್ಲಿ ಯೂಸ್ಟಾಷಿಯಸ್ ಡಿ ಲನಾಯ್ ಎಂಬವನೊಬ್ಬ. ಅವನು ಮರಳಿ ಹೋಗಲಿಲ್ಲ. ಮಾರ್ತಾಂಡವರ್ಮನ ಸೇವೆಗೆ ಸೇರಿ, ತಿರುವಾಂಕೂರಿನ ಸೈನ್ಯವನ್ನು ಐರೋಪ್ಯ ರೀತಿಯಲ್ಲಿ ತಯಾರು ಮಾಡಿ, ಅದರ ದಳಪತಿಯಾದ. ನೆಡುಂಕೋಟ ಎಂಬ ಉದ್ದನೆಯ ಕಾವಲುಗೋಡೆಯನ್ನು ಕಡಲತೀರದಿಂದ ಪಶ್ಚಿಮ ಘಟ್ಟದ ಬುಡದವರೆಗೆ ಕಟ್ಟಿಸಿದ್ದರಲ್ಲಿ ಅವನ ಕೈ ದೊಡ್ಡದು. ಆ ಗೋಡೆಯ ಒಂದಷ್ಟು ಭಾಗ ಕೊಚ್ಚಿ ರಾಜನ ನೆಲದ ಮೇಲೆ ಹಾದುಹೋಗಿತ್ತು; ಕೊಚ್ಚಿ ರಾಜ ಹೈದರನ ಕಾಲದಿಂದ ಮೈಸೂರಿಗೆ ಕಪ್ಪ ಕೊಡುವವನು. ಅದರ ಮೇಲೆ 1789ರಲ್ಲಿ ಡಚ್ಚರು ತಮ್ಮ ಕ್ರಾಂಗನೂರು, ಆಯಕೋಟ್ಟೆ ಎಂಬ ಎರಡು ಕೋಟೆಗಳನ್ನು ತಿರುವಾಂಕೂರಿಗೆ ಮಾರಿಬಿಟ್ಟರು. ಟೀಪು ಸಿಟ್ಟಾದ. ಆ ವರ್ಷದ ಡಿಸೆಂಬರ್ ಕೊನೆಗೆ ನೆಡುಂಕೋಟದ ಮೇಲೆ ಬಿದ್ದ. ತಿರುವಾಂಕೂರು ಇಂಗ್ಲಿಷರ ಮಿತ್ರರಾಜ್ಯವಾದ್ದರಿಂದ ಅದೇ ಮೂರನೆಯ ಮೈಸೂರು ಯುದ್ಧಕ್ಕೆ ಕಾರಣವಾಯಿತು.

ಧಾರವಾಡದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಯುದ್ಧದಲ್ಲಿಯೇ ಪರಶುರಾಮಭಾವು ಪಟವರ್ಧನರ ಮರಾಠಾ ಸೈನ್ಯ, ಇಂಗ್ಲಿಷರ ಒಂದು ತುಕಡಿಯನ್ನು ಕಟ್ಟಿಕೊಂಡು, 1790ರ ಸೆಪ್ಟೆಂಬರಿನಲ್ಲಿ ನಮ್ಮ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದ್ದು. ಟೀಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್ ಮರುವರ್ಷ ಏಪ್ರಿಲ್‌ವರೆಗೆ, ಆರು ತಿಂಗಳಿಗೂ ಮೇಲ್ಪಟ್ಟು, ಕೋಟೆಯನ್ನು ಬಿಟ್ಟುಕೊಡಲಿಲ್ಲ. ಚಿಕ್ಕಂದಿನಲ್ಲಿ ಧಾರವಾಡಕ್ಕೆ ಹೋದಾಗಲೆಲ್ಲ ಅಳಿದುಳಿದ ಆ ಕೋಟೆಯ ಬಾಗಿಲ ಹತ್ತಿರ ಹಾದುಹೋಗುತ್ತಿದ್ದೆ. ಅದರ ಕಲ್ಲಿಗೆ ಬಿದ್ದ ಗುಂಡಿಗೂ ಕೊಚ್ಚಿಯ ಮೆಣಸಿಗೂ, ಕೊಳಚೆಲ್‌ನಲ್ಲಿ ಸೋತ ಡಚ್ ಕಪ್ತಾನನಿಗೂ ಸಂಬಂಧ ಇದ್ದೀತೆಂದು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ಬೋಲ್ಗಾಟ್ಟಿಯ ಮನೆ ಅಲ್ಲಿ ನೀರಿನಂಚಿಗೆ ನೆಮ್ಮದಿಯಾಗಿ ನಿಂತಿದ್ದ ಆ ಮಳೆಗಾಲದಲ್ಲಿ, ಅದರ ಒಡೆಯರು ಮಾಡಿದ ಒಂದು ಮಾರಾಟದ ಬಿಸಿ ಘಟ್ಟ ಹತ್ತಿ ನಮ್ಮ ಊರಿಗೆ ತಟ್ಟಿತ್ತು. ಬೋಟಿನಲ್ಲಿ ಇದನ್ನು ಕಾಕಾಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರ ಇದು ನಮ್ಮ ಬೀಗರ ಮನೀನ ಆತಲ್ಲೋ," ಎಂದರು.

ವೈಪಿನ್‌ನಲ್ಲಿ ಇಳಿದು, ಚಹಾ ಕುಡಿದು, ಅದೇ ಬೋಟಿಗೆ ಹಿಂದಿರುಗಿದೆವು. ಮನೆ ಮತ್ತೆ ಒಂದು ನಿಮಿಷ ಕಂಡಿತು. ಸಾಲಲಿಲ್ಲ. ಮರೀನ್ ಡ್ರೈವಿನ ದಂಡೆಯಲ್ಲಿ ಒಂದು ಸಣ್ಣ ಬೋಟನ್ನು ಒಂದು ತಾಸಿಗೆ ಬಾಡಿಗೆಗೆ ಮಾತಾಡಿದೆವು. ಬೋಟಿನವನಿಗೆ ನಾವು ಡಾಲ್ಫಿನ್ ನೋಡುವುದಕ್ಕೋ ಚೀನೀ ಬಲೆ ನೋಡುವುದಕ್ಕೋ ಬರದೆ ಬರೀ ಬೋಲ್ಗಾಟ್ಟಿಯ ಮುಂದೆ ನಿಲ್ಲಿಸು ಎಂದದ್ದು ವಿಚಿತ್ರವಾಗಿ ತೋರಿರಬೇಕು. ಆದರೆ ಅವನು ಒಳ್ಳೆಯವನು, ಒಪ್ಪಿದ. ತನ್ನ ಅಪ್ಪ ಸೇತುವೆ ಬರುವ ಮೊದಲು ಇದೇ ನೀರಿನಲ್ಲಿ ಜನರನ್ನು ದಾಟಿಸುತ್ತಿದ್ದ, ಸೇತುವೆ ತೆರೆದ ದಿನ ಅವನೂ ಅದರ ಮೇಲೆ ನಡೆದು ಹೋಗಿ ಬಂದ ಎಂದು ಹರಕು ಮುರುಕು ಹಿಂದಿಯಲ್ಲಿ ಹೇಳಿದ.

ಕಟ್ಟೆಗೆ ಹತ್ತಿರ ಬಂದಾಗ ಎಂಜಿನ್ ನಿಲ್ಲಿಸಿದ. ಬೋಟು ತಾನೇ ತಾನಾಗಿ ಸ್ವಲ್ಪ ಸರಿದು ನಿಂತಿತು. ಇಳಿತದ ಹೊತ್ತು, ಕಟ್ಟೆಯ ಕಲ್ಲಿನ ಮೇಲೆ ನೀರಿಗಿಂತ ಒಂದು ಮೊಳ ಮೇಲಕ್ಕೆ ಹಸಿರು ಪಾಚಿಯ ಗೆರೆ, ಆ ಗೆರೆಯ ಮೇಲೆ ಒಣಕಲು ಬಿಳಿ, ಕೆಳಗೆ ಕಪ್ಪು. ದಿನಕ್ಕೆರಡು ಸಲ ಕಡಲು ಇಲ್ಲಿಗೆ ಬಂದು ಅಳತೆ ಹಾಕಿ ಹೋಗುತ್ತದೆ. ಕಲ್ಲಿನ ಸಂದಿಯಿಂದ ಒಂದು ಸಣ್ಣ ಏಡಿ ಹೊರಬಂದು, ನಮ್ಮ ನೆರಳು ಬಿದ್ದೊಡನೆ ಒಳಗೆ ಹೋಯಿತು. ಅಂತರಗಂಗೆಯ ಒಂದು ಹಸಿರು ಕಟ್ಟು ಬೋಟಿನ ಮಗ್ಗುಲಿಗೆ ತಾಗಿ ನಿಂತಿತ್ತು. ಅದರಾಚೆ ಹುಲ್ಲು, ಮರಗಳು, ಮನೆ.

ಇಲ್ಲಿಂದ ನೋಡಿದಾಗ ಅದಕ್ಕೆ ಒಂದು ಮುಖವಿತ್ತು. ಬೆಳಗಿನ ಬಿಸಿಲಿನಲ್ಲಿ ಕಿಟಕಿಗಳ ಸಾಲು, ಮಾಡಿನ ಕೆಳಗಿನ ನೆರಳು, ನೀರಿನ ಬೆಳಕು ಗೋಡೆಯ ಮೇಲೆ ಬಿದ್ದು ಅಲುಗಾಡುತ್ತಿದ್ದದ್ದು ಎಲ್ಲ ಒಟ್ಟಿಗೆ ಕಂಡವು. ಕೊಚ್ಚಿ ಕಡೆಯ ಹಳೆಯ ಕಟ್ಟಡಗಳ ಗೋಡೆ ಹೆಚ್ಚಾಗಿ ಜಂಬಿಟ್ಟಿಗೆಯದು, ಮೇಲೆ ಸುಣ್ಣದ ಗಾರೆ. ಹಿನ್ನೀರಿನ ತಳದಿಂದ ಚಿಪ್ಪು ಬಾಚಿ ತಂದು ಸುಟ್ಟು ಸುಣ್ಣ ಮಾಡುವುದು ಆ ನಾಡಿನ ಹಳೆಯ ಕಸುಬು. ಬಿಳಿಯ ಗೋಡೆಯನ್ನು ನೀರಿನ ಎದುರು ನೋಡಿದಾಗ ಅದು ನೆನಪಾಗುತ್ತದೆ. ನಿನ್ನೆ ರಸ್ತೆಯ ಕಡೆಯಿಂದ ನೋಡಿದಾಗ ಅದೇ ಬಿಳಿ ಬರೀ ಬಣ್ಣದ ಡಬ್ಬಿಯಿಂದ ಬಂದದ್ದಾಗಿ ತೋರಿತ್ತು.

ಕಾಕಾ ಮಾತ್ರ ಗೋಡೆಯ ಮಾತಿಗೆ ಬರಲಿಲ್ಲ. ಅವರ ಕಣ್ಣು ಕಟ್ಟಿಗೆಯ ಮೇಲೆ. ಹಿಂದಿನ ದಿನ ಕಿಟಕಿಯ ಚೌಕಟ್ಟಿನ ಮೂಲೆಯಲ್ಲಿ ಹೆಬ್ಬೆರಳಿನಿಂದ ಉಜ್ಜಿ, ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿದ್ದರು. ಈಗ ಅದನ್ನು ವಿವರಿಸಿದರು. ಮೂಲೆ ಕೂಡುವಲ್ಲಿ ಉಗುರು ಒಳಗೆ ಹೋದರೆ ಕಟ್ಟಿಗೆ ಒಳಗೇ ನೀರು ಕುಡಿದಿದೆ ಎಂದರ್ಥ, ಮೇಲೆ ಎಷ್ಟು ಬಣ್ಣ ಬಳಿದರೂ ನಿಲ್ಲುವುದಿಲ್ಲ. ಬೋಗಿಗಳಲ್ಲಿ ಮೊದಲು ಕೊಳೆಯುವುದು ಕಿಟಕಿಯ ಕೆಳಪಟ್ಟಿ; ಮಳೆನೀರು ಇಳಿದು ಅಲ್ಲೇ ನಿಲ್ಲುತ್ತದೆ, ಆದ್ದರಿಂದ ಅದಕ್ಕೆ ಹೊರಗಡೆಗೆ ಒಂದು ನೂಲಿನಷ್ಟು ಇಳಿಜಾರು ಕೊಡುತ್ತಿದ್ದೆವು, ಅದನ್ನು ಮರೆತ ಹೊಸ ಹುಡುಗನಿಗೆ ಮೇಸ್ತ್ರಿ ಇಡೀ ಚೌಕಟ್ಟು ಬಿಚ್ಚಿಸುತ್ತಿದ್ದ ಎಂದರು. "ಇಲ್ಲಿ ಉಗರ ಒಳಗ ಹೋಗಲಿಲ್ಲ," ಎಂದರು. "ಸಾಗವಾನಿ ಇದ್ದೀತು. ಬ್ಯಾರೆ ಕಟಗಿ ಆಗಿದ್ರ ಈ ಉಪ್ಪುಗಾಳಿಗೆ ತಡೀತಿದ್ದಿಲ್ಲ. ಯಾರೋ ವರ್ಷಾ ವರ್ಷಾ ನೋಡಿಕೊಂಡಾರ." ಆ ಯಾರೋ ಎಂಬವರ ಬಗ್ಗೆ ಯಾವ ಫಲಕದಲ್ಲಿಯೂ ಒಂದು ಸಾಲಿಲ್ಲ. ಮನೆ ಕಟ್ಟಿಸಿದವರ ದೇಶದ ಹೆಸರು ಇದೆ, ವಾಸವಿದ್ದವರ ಹುದ್ದೆ ಇದೆ. ಪ್ರತಿ ಮಳೆಗಾಲ ಕಳೆದ ಮೇಲೆ ಏಣಿ ಹತ್ತಿ ಹಂಚು ಕೈಯಾಡಿಸಿದವನು, ಬಿರುಕಿಗೆ ಗಾರೆ ತುಂಬಿದವಳು ಇಲ್ಲ. ಕಾಕಾ ಅವರನ್ನು ಒಂದು ಚೌಕಟ್ಟಿನ ಮೂಲೆಯಲ್ಲಿ ಗುರುತು ಹಿಡಿದರು.

ಡಚ್ಚರ ನಂತರದ ಕಥೆ ನಮಗೆ ಪರಿಚಿತವಾದದ್ದೇ. 1795ರಲ್ಲಿ ಇಂಗ್ಲಿಷರು ಕೊಚ್ಚಿಯನ್ನು ಹಿಡಿದರು. ರಾಜ ಸಿಂಹಾಸನದ ಮೇಲೆ, ಆದರೆ ಕಿವಿಯಲ್ಲಿ ಮಾತು ಊದುವವನು ರೆಸಿಡೆಂಟ್, ಅಂದರೆ ಇಂಗ್ಲಿಷರ ಕಂಪನಿಯ ಪ್ರತಿನಿಧಿ. ಆ ರೆಸಿಡೆಂಟರಿಗೆ ಬೋಲ್ಗಾಟ್ಟಿ ನಿವಾಸವಾಯಿತು. 1909ರಲ್ಲಿ ಅದು ಬ್ರಿಟಿಷರಿಗೆ ಗುತ್ತಿಗೆಯ ಮೇಲೆ ಹೋಯಿತು, 1947ರ ನಂತರ ಸರ್ಕಾರದ ಆಸ್ತಿಯಾಗಿ, ಆಮೇಲೆ ಹೋಟೆಲಾಯಿತು. ಈ ವರ್ಷಗಳನ್ನು ನಾನು ಬೇಗ ದಾಟುತ್ತೇನೆ, ಆದರೆ ಒಂದು ರಾತ್ರಿಯನ್ನು ದಾಟಲಾರೆ.

1808ರ ಡಿಸೆಂಬರ್ ಕೊನೆಯ ಒಂದು ರಾತ್ರಿ. ತಿರುವಾಂಕೂರಿನ ದಿವಾನ ವೇಲು ತಂಪಿ ಮತ್ತು ಕೊಚ್ಚಿಯ ಮಂತ್ರಿ ಪಾಲಿಯತ್ತ್ ಅಚ್ಚನ್ ಒಂದಾಗಿ, ಕಪ್ಪದ ಬಾಕಿಗಾಗಿ ಪೀಡಿಸುತ್ತಿದ್ದ ರೆಸಿಡೆಂಟ್ ಕರ್ನಲ್ ಮೆಕಾಲೆಯ ಕೊಚ್ಚಿಯ ಮನೆಗೆ ಜನರನ್ನು ನುಗ್ಗಿಸಿದರು. ಮೆಕಾಲೆ ಮನೆಯಲ್ಲೇ ಅಡಗಿ ಕುಳಿತು, ಬೆಳಕು ಹರಿಯುವಾಗ ಬಂದರಿನಲ್ಲಿದ್ದ ಇಂಗ್ಲಿಷರ ಹಡಗನ್ನು ಸೇರಿ ಜೀವ ಉಳಿಸಿಕೊಂಡ. ನೀರಿನ ಬದಿಗೆ ಮನೆ ಮಾಡಿಕೊಂಡವರಿಗೆ ನೀರು ಓಡಿಹೋಗುವ ದಾರಿಯೂ ಆಗಿತ್ತು. ಮರು ತಿಂಗಳು ವೇಲು ತಂಪಿ ಕುಂಡರದಲ್ಲಿ ಜನರಿಗೆ ಕರೆ ಕೊಟ್ಟು ದಂಗೆಯನ್ನು ಬಹಿರಂಗ ಮಾಡಿದ. 1809ರಲ್ಲಿ ಅವನ ಸಾವಾಯಿತು, ಪಾಲಿಯತ್ತ್ ಅಚ್ಚನ್ ಗಡೀಪಾರಾದ. ಅದಾಗಿ ಹದಿನೈದು ವರ್ಷಕ್ಕೆ, 1824ರ ಅಕ್ಟೋಬರ್ 23ರಂದು, ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಎದುರು ಬಿದ್ದ. ಅವನಿಗೆ ಹತ್ತಲು ಹಡಗಿರಲಿಲ್ಲ. ಕಿತ್ತೂರಿನ ಬಯಲಿನಲ್ಲಿ ನಿಂತು ನೋಡಿದವರಿಗೆ ಗೊತ್ತು, ಅಲ್ಲಿ ದಿಕ್ಕುದಿಕ್ಕಿಗೂ ಎರೆ ಹೊಲ ಮತ್ತು ಗುಡ್ಡ. ಕಂಪನಿಯ ಒಂದೇ ದುರಾಸೆ ಎರಡೂ ಕಡೆ. ಒಂದು ಮನೆ ಸುಣ್ಣ ಬಳಿಸಿಕೊಂಡು ಇಂದಿಗೂ ನಿಂತಿದೆ, ಚನ್ನಮ್ಮನ ಅರಮನೆಯಲ್ಲಿ ಮಾಡಿಲ್ಲದ ಗೋಡೆಗಳ ನಡುವೆ ಬಚ್ಚಲಿನ ಕೊಳವೆಗಳೂ ಅಡಿಪಾಯದ ಗೆರೆಗಳೂ ಉಳಿದಿವೆ. ಕಿತ್ತೂರಿಗೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುವ ಪ್ರತಿ ಸಲವೂ ನನಗೆ ಎದೆ ಭಾರವಾಗುತ್ತದೆ. ಬೋಲ್ಗಾಟ್ಟಿಯ ಸುಸ್ಥಿತಿಯನ್ನು ನೋಡಿದಾಗ ಆ ಭಾರ ಇನ್ನಷ್ಟು ಹೆಚ್ಚಿತು ಎಂದು ಬರೆಯದಿದ್ದರೆ ಸುಳ್ಳಾಗುತ್ತದೆ.

ಇನ್ನೊಂದು ಮಾತು, ನಮ್ಮವರಿಗೆ ಗೊಂದಲವಾಗದಿರಲಿ ಎಂದು. ಮೆಕಾಲೆಯ ನಂತರ ಬಂದ ರೆಸಿಡೆಂಟ್ ಕರ್ನಲ್ ಮನ್ರೋ ಎಂದು ಕೇಳಿದೊಡನೆ ಕಾಕಾ "ನಮ್ಮ ಮನ್ರೋ ಸಾಹೇಬನ?" ಎಂದರು. ಅಲ್ಲ. ಅವನು ಜಾನ್ ಮನ್ರೋ. ತಿರುವಾಂಕೂರಿನಲ್ಲೂ ಕೊಚ್ಚಿಯಲ್ಲೂ ಕೆಲ ವರ್ಷ ತಾನೇ ದಿವಾನನೂ ಆಗಿ ಆಡಳಿತ ನಡೆಸಿದವನು, ಕೊಲ್ಲಂ ಬಳಿಯ ಮನ್ರೋ ದ್ವೀಪಕ್ಕೆ ಅವನದೇ ಹೆಸರು. 1817–18ರಲ್ಲಿ ಧಾರವಾಡದಲ್ಲಿ ಕುಳಿತು ಪೇಶ್ವೆಯವರ ಕೈಯಿಂದ ಗದಗ, ಡಂಬಳ, ಹುಬ್ಬಳ್ಳಿಗಳನ್ನು ಬಿಡಿಸಿಕೊಂಡವನು ಥಾಮಸ್ ಮನ್ರೋ. ಒಂದೇ ದಶಕದಲ್ಲಿ ಒಂದೇ ಅಡ್ಡಹೆಸರಿನ ಇಬ್ಬರು, ಒಬ್ಬ ನೀರಿನ ಬದಿಯಿಂದ, ಒಬ್ಬ ಎರೆಮಣ್ಣಿನ ಮೇಲಿಂದ, ನಮ್ಮ ಎರಡು ನಾಡುಗಳ ಲೆಕ್ಕಪತ್ರ ತಿದ್ದುತ್ತಿದ್ದರು.

ಬಾಡಿಗೆಯ ತಾಸು ಮುಗಿಯುತ್ತ ಬಂದಿತ್ತು. ಬೋಟಿನವನು ಎಂಜಿನ್ ಹಚ್ಚುವ ಮೊದಲು ನಮ್ಮ ಮುಖ ನೋಡಿದ. ಕಾಕಾ ಇನ್ನೊಂದು ಐದು ನಿಮಿಷ ಎಂಬಂತೆ ಕೈ ತೋರಿಸಿದರು. ಆ ಐದು ನಿಮಿಷದಲ್ಲಿ ಅವರು ಮಾಡಿದ್ದಿಷ್ಟು: ಕಿಸೆಯಿಂದ ಸಣ್ಣ ಪುಸ್ತಕ ತೆಗೆದು, ವರ್ಕ್‌ಶಾಪಿನ ಕಾಲದಿಂದ ಇಟ್ಟುಕೊಂಡ ಚಪ್ಪಟೆ ಪೆನ್ಸಿಲಿನಲ್ಲಿ ಕಿಟಕಿಗಳನ್ನು ಎಣಿಸಿ ಗೆರೆ ಹಾಕಿದರು, ಮರ ಅಡ್ಡ ಬಂದಲ್ಲಿ ಚುಕ್ಕೆ ಇಟ್ಟರು. ಬೋಟು ಅಲುಗಿದ್ದರಿಂದ ಗೆರೆಗಳು ಸೊಟ್ಟಗಾದವು. ಅದೇ ಹೊತ್ತಿಗೆ ಒಂದು ವಾಟರ್ ಮೆಟ್ರೋ ದೂರದಲ್ಲಿ ಸದ್ದಿಲ್ಲದೆ ಹಾದುಹೋಯಿತು. ಅದರ ಅಲೆ ಸ್ವಲ್ಪ ತಡವಾಗಿ ನಮ್ಮ ಬೋಟಿನ ಕೆಳಗೆ ಬಂದು, ನಮ್ಮನ್ನು ಎತ್ತಿ ಇಳಿಸಿ, ಕಟ್ಟೆಯ ಪಾಚಿ ಗೆರೆಗೆ ಹೋಗಿ ಬಡಿಯಿತು.

ಹುಬ್ಬಳ್ಳಿಗೆ ಬಂದ ವಾರ ಸಂಜೆ ಹೊತ್ತು ಕಾಕಾರ ಮನೆಗೆ ಹೋಗಿದ್ದೆ. ಕಾಕು ಪಡಸಾಲಿಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು. ಕಾಕಾ ಬಡಗಿಯ ಸೀಮೆಸುಣ್ಣ ಹಿಡಿದು ನೆಲದ ಕಡಪಾ ಕಲ್ಲಿನ ಮೇಲೆ ಅವರಿಗೆ ಆ ಮನೆಯನ್ನು ಬರೆದು ತೋರಿಸಲು ಹೊರಟಿದ್ದರು. ಎರಡು ಕಲ್ಲು ತುಂಬ ಬರೀ ಸಣ್ಣ ಸಣ್ಣ ಅಡ್ಡ ಗೆರೆಗಳನ್ನೇ ಎಳೆಯುತ್ತಿದ್ದುದನ್ನು ನೋಡಿ ಕಾಕು, "ಮನಿ ತೋರಸ್ತೇನಂತ ಇದೇನ ಬರಿಯಾಕತ್ತೀರಿ?" ಎಂದು ಕೇಳಿದರು.

"ಅಂಗಳಾ," ಎಂದರು ಕಾಕಾ, ತಲೆ ಎತ್ತದೆ. ಆಮೇಲೆ ಮೂರನೆಯ ಕಲ್ಲಿನ ಮೇಲೆ ತಲಬಾಗಿಲು ಬರೆಯತೊಡಗಿದರು.